ಕಂಸನಿಗೆ ಕೋಡಂಗಿಯ ವೇಷವೇ?

ವಿಕ್ಟರ್ ಹ್ಯೂಗೋನ 'ಲೆ ಮಿಸರಾಬ್ಲ್' (1862) ಕಾದಂಬರಿ ಮೊದಲು ಸಂಗೀತ ನಾಟಕವಾಯಿತು. 2012ರಲ್ಲಿ ಟಾಮ್ ಹೂಪರ್ ಆ ನಾಟಕವನ್ನೇ ತೆರೆಗೆ ತಂದರು. ಮಾತಿನ ಬದಲು ಹಾಡು ತುಂಬಿ ಕಾದಂಬರಿಯನ್ನು ಕೆಡಿಸಿದರೆಂದು ಮೂಗು ಮುರಿಯುವವರುಂಟು. ಇರುಳಿಡೀ ಯಕ್ಷಗಾನ ನೋಡುವ ನಮಗೆ ಈ ಆಕ್ಷೇಪ ಒಪ್ಪತಕ್ಕದ್ದಲ್ಲ. ನಟರು ಕ್ಯಾಮೆರಾದೆದುರೇ ಹಾಡಿದ್ದರಿಂದ, ಮಗಳಿಗಾಗಿ ತಲೆಗೂದಲನ್ನೂ ಮಾರಿದ ಫಾಂತೀನಳ ಅಳಲು ನೇರವಾಗಿ ಎದೆಗೆ ತಟ್ಟುತ್ತದೆ.

ಕೆಟ್ಟಿರುವುದು ಬೇರೆ ಕಡೆ. ಆ ಮಗಳನ್ನು ಸಾಕುವ ನೆಪದಲ್ಲಿ ತಾಯಿಯಿಂದ ಹಣ ಹಿಂಡುವ ತೆನಾರ್ದಿಯೇ, ಚಿತ್ರದಲ್ಲಿ ಗಿರಾಕಿಗಳ ಜೇಬು ಕತ್ತರಿಸುತ್ತ ನಗಿಸುವ ಕೋಡಂಗಿ. ಹ್ಯೂಗೋ ಚಿತ್ರಿಸಿದವನು ತನ್ನ ಇಬ್ಬರು ಎಳೆಯ ಗಂಡುಮಕ್ಕಳನ್ನೇ ತಿಂಗಳ ಹಣಕ್ಕೆ ಪರರ ಕೈಗೊಪ್ಪಿಸಿದ ಪಾಪಿ. 1832ರ ಪ್ಯಾರಿಸ್ ದಂಗೆಯಲ್ಲಿ ಗುಂಡಿಗೆ ಬಲಿಯಾಗುವ ಬೀದಿಹುಡುಗ ಗಾವ್ರೋಷ್ ಕೂಡ ಅವನ ಮಗನೇ! ಚಿತ್ರ ಈ ಸಂಬಂಧವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕಾದಂಬರಿಯ ಕೊನೆಗೆ ಅವನು ಅಮೆರಿಕಕ್ಕೆ ಹೋಗಿ ಗುಲಾಮರ ವ್ಯಾಪಾರಿಯಾಗುತ್ತಾನೆ. ಚಿತ್ರದಲ್ಲಿ ಮದುವೆಮನೆಯಿಂದ ಹೊರದಬ್ಬಿಸಿಕೊಳ್ಳುತ್ತಾನೆ, ಅಷ್ಟೇ.

ಎರಡೂವರೆ ಗಂಟೆಯ ಚಿತ್ರದಲ್ಲಿ ಎಲ್ಲವೂ ಹಿಡಿಯದು, ನಿಜ. ಆದರೆ ಬಿಡುವುದು ಬೇರೆ, ತಿರುಚುವುದು ಬೇರೆ. ಫಾಂತೀನಳಿಗಾಗಿ ಕಣ್ಣೀರಿಟ್ಟು, ಅವಳ ರಕ್ತ ಹೀರಿದವನನ್ನು ನೋಡಿ ನಗುವುದಾದರೆ ಆ ಕಣ್ಣೀರಿಗೆ ಬೆಲೆಯೇನು? ಬಡತನ ತಾನಾಗಿ ಬಂದ ವಿಧಿಯಲ್ಲ, ಅದರಿಂದ ಲಾಭ ಪಡೆಯುವವರಿದ್ದಾರೆ ಎಂಬ ಮಾತೇ ಇಲ್ಲಿ ಮರೆಯಾಗಿದೆ.

ನಮ್ಮ ಯಕ್ಷಗಾನದಲ್ಲೂ ಹಾಸ್ಯಗಾರನಿದ್ದಾನೆ. ಆದರೆ ಅವನಿಗೆ ಕಂಸನ ವೇಷ ಕಟ್ಟಿಸುವ ಭಾಗವತರುಂಟೇ?