ಫ್ರಿಜ್ಜಿನ ಬಟಾಣಿ, ಡಬ್ಬಿಯ ಜೋಳ ಮತ್ತು ತಿಪ್ಪೆ ಸೇರುವ ಈರುಳ್ಳಿ

ಹಿರಿಯೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಶಾಲೆಗೆ ಪಾಠ ಮಾಡಲು ಹೋಗುವ ನಮ್ಮಕ್ಕನಿಗೆ ಬೆಳಗ್ಗೆ ಅಡುಗೆಗೆ ಸಿಗುವುದು ಮುಕ್ಕಾಲು ಗಂಟೆ. ಅಷ್ಟರಲ್ಲಿ ತಿಂಡಿ ಆಗಬೇಕು, ಮಕ್ಕಳ ಡಬ್ಬಿ ತುಂಬಬೇಕು, ಬಸ್ಸೂ ಹಿಡಿಯಬೇಕು. ಮೊನ್ನೆ ಹೊಳಲ್ಕೆರೆ ಕಡೆಯ ನಮ್ಮೂರಿನಿಂದ ಅವ್ವ ಅವಳ ಮನೆಗೆ ಹೋಗಿದ್ದಳು. ಫ್ರಿಜ್ಜಿನ ಮೇಲಿನ ಖಾನೆ ತೆಗೆದು ಒಂದು ಪ್ಯಾಕೆಟ್ ಮುಟ್ಟಿ ನೋಡಿದವಳೇ, "ಏನೇ ಇದು, ಕಲ್ಲಿದ್ದಂಗೆ ಐತಲ್ಲ" ಅಂದಳಂತೆ. "ಫ್ರೋಜನ್ ಬಟಾಣಿ ಕಣವ್ವ, ಡಬ್ಬಿದಕ್ಕಿಂತ ಇದೇ ಒಳ್ಳೇದು" ಎಂದು ಅಕ್ಕ. ಪಕ್ಕದ ಶೆಲ್ಫಿನಲ್ಲಿ ಭಾವ ತಂದಿಟ್ಟ ಸ್ವೀಟ್ ಕಾರ್ನ್ ಡಬ್ಬಿಯೂ ಇತ್ತು. ಅವ್ವ ಎರಡನ್ನೂ ನೋಡಿ ತೀರ್ಪು ಕೊಟ್ಟಳು: "ಎರಡೂ ಸತ್ತ ತರಕಾರಿ."

ಜಗಳ ಫೋನಿನಲ್ಲಿ ನನ್ನ ತನಕ ಬಂತು. "ನೀನು ಪತ್ರಿಕೋದ್ಯಮ ಓದಿದೀಯಲ್ಲ, ಹೇಳಪ್ಪ, ಯಾವುದು ಸರಿ?" ಅಂದಳು ಅಕ್ಕ. ಪತ್ರಿಕೋದ್ಯಮ ಓದಿದವರಿಗೆ ಬಟಾಣಿ ಬಗ್ಗೆ ಗೊತ್ತಿರಬೇಕು ಎಂಬ ನಿಯಮವೇನೂ ಇಲ್ಲ. ಆದರೂ ತಿಳಿದದ್ದನ್ನು ಬರೆಯುತ್ತೇನೆ. ಯಾಕೆಂದರೆ ಈ ಪ್ರಶ್ನೆ ಈಗ ನಮ್ಮಕ್ಕನ ಮನೆಯದಷ್ಟೇ ಅಲ್ಲ. ಚಿತ್ರದುರ್ಗದ ದೊಡ್ಡ ಅಂಗಡಿಗಳಿರಲಿ, ಹೊಸದುರ್ಗದ ಬೇಕರಿಗಳಲ್ಲೂ ಐಸ್‌ಕ್ರೀಮ್ ಪೆಟ್ಟಿಗೆಯ ಮೂಲೆಯಲ್ಲಿ ಬಟಾಣಿ ಪ್ಯಾಕೆಟ್ ಕಾಣಿಸುತ್ತಿದೆ.

ಮೊದಲು ಅವ್ವನ ಮಾತಿಗೆ ಬರೋಣ. ಡಬ್ಬಿಯಲ್ಲಿರುವುದೆಲ್ಲ ಕೆಮಿಕಲ್, ಫ್ರೀಜ್ ಮಾಡಿದ್ದರಲ್ಲಿ ಸತ್ವ ಇಲ್ಲ ಅನ್ನುವ ನಂಬಿಕೆ ನಮ್ಮ ಊರುಗಳಲ್ಲಿ ಗಟ್ಟಿ. ಅದು ಪೂರ್ತಿ ಸರಿಯಲ್ಲ. ಡಬ್ಬಿಯ ತರಕಾರಿ ಕೆಡದಿರುವುದು ಮುಖ್ಯವಾಗಿ ಬಿಸಿಯಿಂದ. ಫ್ರಾನ್ಸಿನ ನಿಕೋಲಾ ಅಪೇರ್ ಎಂಬ ಅಡುಗೆಯವನು ಗಾಜಿನ ಸೀಸೆಯಲ್ಲಿ ಆಹಾರ ತುಂಬಿ, ಬಿಗಿಯಾಗಿ ಮುಚ್ಚಿ, ಕುದಿಸಿ ಇಡುವ ವಿಧಾನವನ್ನು 1810ರಲ್ಲಿ ಪುಸ್ತಕ ಮಾಡಿ ಪ್ರಕಟಿಸಿದ. ಇವತ್ತು ಕಾರ್ಖಾನೆಗಳಲ್ಲಿ ಹುಳಿಯಿಲ್ಲದ ತರಕಾರಿಯ ಡಬ್ಬಿಯನ್ನು ಒತ್ತಡದಲ್ಲಿ ಸುಮಾರು 121 ಡಿಗ್ರಿ ತನಕ ಕಾಯಿಸುತ್ತಾರೆ. ಅಷ್ಟು ಬಿಸಿಗೆ ಅಪಾಯದ ಸೂಕ್ಷ್ಮಜೀವಿಗಳ ಜೊತೆ ಸಿ ವಿಟಮಿನ್ನಿನ ಒಂದು ಪಾಲೂ ಹೋಗುತ್ತದೆ. ರುಚಿಗೆ ಉಪ್ಪುನೀರು ಸೇರುತ್ತದೆ. ಬಿಪಿ ಇರುವವರು ನೋಡಬೇಕಾದದ್ದು ಈ ಉಪ್ಪನ್ನು. ಡಬ್ಬಿಯ ನೀರು ಚೆಲ್ಲಿ, ಕಾಳನ್ನು ಒಮ್ಮೆ ತೊಳೆದರೆ ಉಪ್ಪು ಒಂದಷ್ಟು ಇಳಿಯುತ್ತದೆ. ಟೊಮೇಟೊ ಮಾತ್ರ ಇಲ್ಲಿ ಬೇರೆ. ಬೇಯಿಸಿದ ಟೊಮೇಟೊದ ಕೆಂಪು ಸತ್ವ ನಮ್ಮ ದೇಹಕ್ಕೆ ಹಸಿಯದಕ್ಕಿಂತ ಸುಲಭವಾಗಿ ಸಿಗುತ್ತದೆ.

ಫ್ರೀಜ್ ಮಾಡುವ ದಾರಿ ಬೇರೆ. ಕಿತ್ತ ಬಟಾಣಿಯನ್ನು ಸುಲಿದು, ಬಿಸಿನೀರು ಅಥವಾ ಹಬೆಯಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದು, ತಕ್ಷಣ ತಣಿಸಿ, ವೇಗವಾಗಿ ಹೆಪ್ಪುಗಟ್ಟಿಸುತ್ತಾರೆ. ಆಮೇಲೆ ಅದು ಅಡುಗೆಮನೆ ತಲುಪುವ ತನಕ ಮೈನಸ್ 18 ಡಿಗ್ರಿಯಲ್ಲಿ ಇರಬೇಕು. ಇದರಲ್ಲಿ ಕೆಡದಂತೆ ಇಡಲು ಔಷಧಿ ಬೇಕಿಲ್ಲ, ಚಳಿಯೇ ಔಷಧಿ. ಕಿತ್ತು ನಾಲ್ಕೈದು ದಿನ ಲಾರಿಯಲ್ಲಿ, ಮಂಡಿಯಲ್ಲಿ, ತಳ್ಳುಗಾಡಿಯಲ್ಲಿ ಬಾಡಿದ "ತಾಜಾ" ಬಟಾಣಿಗಿಂತ ಸರಿಯಾಗಿ ಹೆಪ್ಪುಗಟ್ಟಿಸಿದ್ದರಲ್ಲಿ ಸಿ ವಿಟಮಿನ್ ಹೆಚ್ಚೇ ಉಳಿದಿರಬಹುದು. ಹಾಗಾಗಿ ಪುಸ್ತಕದ ಲೆಕ್ಕದಲ್ಲಿ ಅಕ್ಕ ಗೆದ್ದಳು.

ಆದರೆ ನಮ್ಮ ಬದುಕು ನಡೆಯುವುದು ಪುಸ್ತಕದ ಲೆಕ್ಕದಲ್ಲಲ್ಲ, ಕರೆಂಟಿನ ಲೆಕ್ಕದಲ್ಲಿ. "ಸರಿಯಾಗಿ" ಅನ್ನುವ ಒಂದು ಪದದ ಮೇಲೆ ಫ್ರೋಜನ್ ತರಕಾರಿಯ ಇಡೀ ಕಥೆ ನಿಂತಿದೆ. ಚಿತ್ರದುರ್ಗದ ಒಂದು ಅಂಗಡಿಯಲ್ಲಿ ನಾನೇ ಕೊಂಡ ಬಟಾಣಿ ಪ್ಯಾಕೆಟ್ ಮನೆಯಲ್ಲಿ ತೆರೆದರೆ ಒಂದೇ ಇಟ್ಟಿಗೆ. ಒಡೆಯಲು ಒರಳುಕಲ್ಲೇ ಬೇಕಾಯಿತು. ಒಮ್ಮೆ ಕರಗಿ ನೀರಾಗಿ ಮತ್ತೆ ಗಟ್ಟಿಯಾದರೆ ಹೀಗಾಗುತ್ತದೆ. ಕರೆಂಟ್ ಹೋಗಿತ್ತೋ, ಬಿಲ್ಲು ಉಳಿಸಲು ರಾತ್ರಿ ಸ್ವಿಚ್ ಆರಿಸಿದ್ದರೋ, ದಾರಿಯಲ್ಲೇ ಕರಗಿತ್ತೋ, ಕೊಂಡವನಿಗೆ ಗೊತ್ತಾಗುವುದಿಲ್ಲ. ನಮ್ಮ ಮನೆಗಳ ಒಂದು ಬಾಗಿಲ ಫ್ರಿಜ್ಜಿನ ಐಸ್ ಖಾನೆ ಮೈನಸ್ 18 ಮುಟ್ಟುವುದೂ ಕಷ್ಟವೇ. ಜೋಗಿಮಟ್ಟಿ ಬೆಟ್ಟದ ಮೇಲೆ ಸಾಲು ಗಾಳಿಯಂತ್ರ ತಿರುಗುತ್ತಿರುತ್ತವೆ, ಕೆಳಗಿನ ಹಳ್ಳಿಯಲ್ಲಿ ಫ್ರಿಜ್ಜು ಬೆವರುತ್ತಿರುತ್ತದೆ.

ಹಾಗಾಗಿ ನನ್ನ ತೀರ್ಪು ಇಷ್ಟು. ಪೇಟೆಯಲ್ಲಿದ್ದು, ಕರೆಂಟು ನಂಬಿಕಸ್ಥವಾಗಿದ್ದು, ಅಂಗಡಿ ಹತ್ತಿರವಿದ್ದರೆ ಫ್ರೋಜನ್ ಆಗಬಹುದು. ಪ್ಯಾಕೆಟ್ ಅಲುಗಾಡಿಸಿ ನೋಡಿ, ಕಾಳು ಗಲಗಲ ಅನ್ನಬೇಕು. ಚಿಕ್ಕ ಪ್ಯಾಕೆಟ್ಟನ್ನೇ ತನ್ನಿ, ಸಂತೆಯ ಕೊನೆಗೆ ಕೊಳ್ಳಿ, ಕರಗಿಸದೆ ನೇರ ಕುದಿಯುವ ಸಾರಿಗೆ ಹಾಕಿ. ಅದು ಆಗಲೇ ಅರ್ಧ ಬೆಂದಿರುತ್ತದೆ, ಬೇಗ ಇಳಿಸಿ. ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ಕರೆಂಟು ಕೈಕೊಡುವ ಹಳ್ಳಿಯಲ್ಲಿ ಹೊತ್ತಿಲ್ಲದ ಹೊತ್ತಿಗೆ ನೆಂಟರು ಬಂದಾಗ ಡಬ್ಬಿಯೇ ಹೆಚ್ಚು ಸುರಕ್ಷಿತ. ಉಬ್ಬಿದ, ತುಕ್ಕು ಹಿಡಿದ, ಅಂಚಿನಲ್ಲಿ ಜಜ್ಜಿದ ಡಬ್ಬಿ ಮುಟ್ಟಬೇಡಿ. ತೆರೆದ ಮೇಲೆ ಉಳಿದದ್ದನ್ನು ಸ್ಟೀಲ್ ಪಾತ್ರೆಗೆ ಸುರಿದು ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ. ದಿನಾ ತಿನ್ನುವ ಅಡುಗೆಗೆ ಮಾತ್ರ ಡಬ್ಬಿ ಬೇಡ, ಉಪ್ಪಿನ ಕಾರಣಕ್ಕೂ ದುಡ್ಡಿನ ಕಾರಣಕ್ಕೂ.

ಇಲ್ಲಿಗೆ ನಿಲ್ಲಿಸಿದ್ದರೆ ಇಬ್ಬರಿಗೂ ಸಮಾಧಾನವಾಗುತ್ತಿತ್ತು. ಆದರೆ ಅವ್ವ ಫೋನಿನಲ್ಲಿ ಇನ್ನೊಂದು ಮಾತು ಹೇಳಿದ್ದಳು. "ನಮ್ಮ ಅಟ್ಟದಾಗೆ ಇರೋದು ಯಾವ ಲೆಕ್ಕಕ್ಕೆ ಬತ್ತದಪ್ಪ?"

ಅವ್ವನ ಅಟ್ಟದಲ್ಲಿ ಏನೇನಿದೆ ನೋಡಿ. ಮಜ್ಜಿಗೆಯಲ್ಲಿ ಅದ್ದಿ ಒಣಗಿಸಿದ ಬಾಳಕದ ಮೆಣಸಿನಕಾಯಿ, ಗೋರಿಕಾಯಿ. ಈರುಳ್ಳಿ ಸಂಡಿಗೆ, ಬೂದುಗುಂಬಳದ ಸಂಡಿಗೆ. ಕೆಮ್ಮಣ್ಣು ಕಟ್ಟಿ ಒಣಗಿಸಿಟ್ಟ ತೊಗರಿ, ಅಲಸಂದೆ. ಸೊಗಡು ಬಿಡದ ಒಣ ಅವರೆಕಾಳು. ಹುರುಳಿ. ರಾತ್ರಿ ನೆನೆಹಾಕಿದರೆ ಬೆಳಗ್ಗೆ ಸಾರಿಗೆ ರೆಡಿ, ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೇ ದಿನಕ್ಕೆ ಮೊಳಕೆ. ಕರೆಂಟು ಬೇಡ, ಡಬ್ಬಿ ಬೇಡ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಹಿರಿಯೂರು, ಚಳ್ಳಕೆರೆ ಸೇರಿವೆ. ಮಳೆ ಕೈಕೊಟ್ಟರೂ ಬಿಸಿಲು ಎಂದೂ ಕೈಕೊಟ್ಟಿಲ್ಲ. ಆ ಬಿಸಿಲನ್ನೇ ನಮ್ಮ ಹೆಂಗಸರು ಕಾರ್ಖಾನೆ ಮಾಡಿಕೊಂಡಿದ್ದರು.

ಆದರೆ ಇದನ್ನು ಹಾಡಿ ಹೊಗಳಿ ಮುಗಿಸುವುದೂ ಮೋಸ. ಆ ಸಂಡಿಗೆಯ ಹಿಂದೆ ಬೆಳಗಿನ ನಾಲ್ಕು ಗಂಟೆಗೆ ಎದ್ದ ಅವ್ವ ಇದ್ದಾಳೆ, ಮಾಳಿಗೆ ಮೇಲೆ ಕಾಗೆ ಓಡಿಸುತ್ತಾ ಕುಳಿತ ನಮ್ಮ ಬಾಲ್ಯ ಇದೆ. ಶಾಲೆ ಕೆಲಸವೂ ಮನೆ ಕೆಲಸವೂ ಇರುವ ಅಕ್ಕನಿಗೆ "ನೀನೂ ಒಣಗಿಸು" ಅನ್ನುವ ಹಕ್ಕು, ಸಂಡಿಗೆ ತಿಂದದ್ದು ಬಿಟ್ಟರೆ ಏನೂ ಮಾಡದ ನನ್ನಂಥ ಗಂಡಸರಿಗೆ ಇಲ್ಲ. ಅಕ್ಕ ಬಟಾಣಿ ಪ್ಯಾಕೆಟ್ ಕೊಂಡದ್ದು ಸೋಮಾರಿತನಕ್ಕಲ್ಲ, ಸಮಯಕ್ಕೆ. ಆ ಸಮಯವನ್ನು ನಮ್ಮದೇ ಊರಿನ ತರಕಾರಿ ಯಾಕೆ ಉಳಿಸಿಕೊಡುತ್ತಿಲ್ಲ ಅನ್ನುವುದು ನನ್ನ ಪ್ರಶ್ನೆ.

ನಮ್ಮ ಜಿಲ್ಲೆ ರಾಜ್ಯದ ದೊಡ್ಡ ಈರುಳ್ಳಿ ಜಿಲ್ಲೆಗಳಲ್ಲಿ ಒಂದು. ಹೆಚ್ಚಿನದು ಮುಂಗಾರಿನ ಬೆಳೆ. ಕೀಳುವ ಹೊತ್ತಿಗೇ ಮಳೆ ಹಿಡಿದರೆ ಗಡ್ಡೆ ಕೊಳೆಯುತ್ತದೆ. ಮುಂಗಾರಿನ ಈರುಳ್ಳಿಯಲ್ಲಿ ನೀರಿನಂಶ ಜಾಸ್ತಿ, ಬೇಸಿಗೆಯದರಂತೆ ತಿಂಗಳುಗಟ್ಟಲೆ ಇಡಲು ಬರುವುದಿಲ್ಲ. ಬೆಲೆ ಬಿದ್ದ ವರ್ಷ ಬೆಂಗಳೂರಿನ ಲಾರಿ ಬಾಡಿಗೆಯೂ ಹುಟ್ಟದೆ ತಿಪ್ಪೆಗೆ ಸುರಿದದ್ದನ್ನು ನಾವೆಲ್ಲ ನೋಡಿದ್ದೇವೆ, ಕೆಲವರು ಸುದ್ದಿಯನ್ನೂ ಮಾಡಿದ್ದೇವೆ. ಟೊಮೇಟೊ ಕಥೆಯೂ ಅದೇ. ಅದೇ ವಾರ ಅಕ್ಕನ ಫ್ರಿಜ್ಜಿಗೆ ಉತ್ತರದ ಚಳಿನಾಡಿನ ಬಟಾಣಿ ಬಂದಿರುತ್ತದೆ.

ಗುಜರಾತಿನ ಭಾವನಗರ ಜಿಲ್ಲೆಯ ಮಹುವಾ ಎಂಬ ಊರು ಒಣ ಈರುಳ್ಳಿಗೆ ಹೆಸರುವಾಸಿ. ಅಲ್ಲಿನ ಕಾರ್ಖಾನೆಗಳು ಈರುಳ್ಳಿ ಹೆಚ್ಚಿ, ಒಣಗಿಸಿ, ಪುಡಿ ಮಾಡಿ ಹೊರದೇಶಕ್ಕೂ ಕಳಿಸುತ್ತವೆ. ಒಣಗಿಸಲು ಬಿಳಿ ತಳಿಯೇ ವಾಸಿ ಅನ್ನುವುದು ನಿಜ, ನಮ್ಮದು ಬಹುಪಾಲು ಕೆಂಪು. ಆದರೆ ಆ ಮಾತನ್ನು ರೈತರ ಜೊತೆ ಕೂತು ಯಾರು ಆಡುತ್ತಿದ್ದಾರೆ? ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ತೋಟಗಾರಿಕೆ ಕಾಲೇಜೂ ಇದೆ. ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ. ಇದೇ ಕರ್ನಾಟಕದ ರೈತರು 1990ರ ದಶಕದಿಂದ ಕರಾರಿನ ಮೇಲೆ ಮಿಡಿಸೌತೆ ಬೆಳೆದು, ಅದು ವಿನಿಗರ್ ಬಾಟಲಿ ಸೇರಿ ಯುರೋಪು, ಅಮೆರಿಕದ ಊಟದ ಮೇಜಿಗೆ ಹೋಗುತ್ತಿದೆ. ಬೇರೆಯವರ ಊಟಕ್ಕೆ ಡಬ್ಬಿ ತುಂಬಲು ನಮಗೆ ಬರುತ್ತದೆ, ನಮ್ಮ ಊಟಕ್ಕೆ ಬರುವುದಿಲ್ಲವೇ?

ದುಡ್ಡಿಲ್ಲ ಅನ್ನುವಂತೆಯೂ ಇಲ್ಲ. ಟೊಮೇಟೊ, ಈರುಳ್ಳಿ, ಆಲೂಗಡ್ಡೆಗಾಗಿಯೇ 2018ರ ಕೇಂದ್ರ ಬಜೆಟ್ಟಿನಲ್ಲಿ 500 ಕೋಟಿ ರೂಪಾಯಿಯ ಆಪರೇಷನ್ ಗ್ರೀನ್ಸ್ ಬಂತು. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣೆಯ ಪ್ರಧಾನಮಂತ್ರಿ ಯೋಜನೆಯಲ್ಲಿ ಸಣ್ಣ ಘಟಕಕ್ಕೆ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಉಂಟು. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40 ಸಾವಿರದ ತನಕ ಬೀಜಧನವೂ ಉಂಟು. ನಮ್ಮೂರಿನ ಸಂಘದ ಹೆಂಗಸರನ್ನು ಕೇಳಿದೆ. "ಸಾಲ ಅಂದ್ರೆ ಹಸು, ಹೊಲಿಗೆ ಮಿಷಿನ್ನು ಅಷ್ಟೇ ಗೊತ್ತಣ್ಣ" ಅಂದರು.

ನನಗೆ ಬೇಕಾದದ್ದು ದೊಡ್ಡ ಕಾರ್ಖಾನೆಯಲ್ಲ. ಹೋಬಳಿಗೊಂದು ಸೋಲಾರ್ ಒಣಮನೆ. ಧೂಳು, ಕಾಗೆ, ಹಠಾತ್ ಮಳೆಯ ಕಾಟವಿಲ್ಲದೆ, ನಾಲ್ಕು ಜನರಿಗೆ ಕೂಲಿ ಕೊಟ್ಟು, ಹೆಚ್ಚಿದ ಈರುಳ್ಳಿ, ಟೊಮೇಟೊ, ನುಗ್ಗೆಸೊಪ್ಪು, ಗೋರಿಕಾಯಿ ಒಣಗಿಸುವ ಜಾಗ. ಟೊಮೇಟೊ ಬಹುಪಾಲು ನೀರೇ, ಹತ್ತಾರು ಕೆಜಿ ಒಣಗಿದರೆ ಕೈಗೆ ಸಿಗುವುದು ಒಂದು ಕೆಜಿಯ ಆಸುಪಾಸು. ಲಾರಿ ಬಾಡಿಗೆಯ ಭಾರ ಇಳಿಯುವುದೂ ಅಲ್ಲೇ. ಎಲ್ಲ ಬೆಳೆಯೂ ಉಳಿಯುವುದಿಲ್ಲ, ಬೆಲೆ ಕುಸಿತವೂ ಪೂರ್ತಿ ನಿಲ್ಲುವುದಿಲ್ಲ. ತಿಪ್ಪೆಗೆ ಹೋಗುವುದರಲ್ಲಿ ಒಂದಿಷ್ಟು ಅಡುಗೆಮನೆಗೆ ಬಂದರೆ ಸಾಕು. ಮೊದಲ ಗಿರಾಕಿಗಳಾಗಿ ಶಾಲೆಯ ಬಿಸಿಯೂಟ, ಹಾಸ್ಟೆಲ್ಲು, ಅಂಗನವಾಡಿ ಇಲ್ಲೇ ಇವೆ.

ಇದು ಈಗಲೇ ಆಗಬೇಕು ಅನ್ನಲು ಕಾರಣವಿದೆ. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಘೋಷಣೆಯಾಯಿತು. ನೀರಿಗಾಗಿ ನಾವು ದಶಕಗಳಿಂದ ಕೂಗಿದ್ದೇವೆ, ಇನ್ನೂ ಕೂಗಬೇಕು. ಆದರೆ ನೀರು ಬಂದರೆ ತರಕಾರಿ ಹೆಚ್ಚುತ್ತದೆ, ಇಡುವ ಜಾಗವಿಲ್ಲದಿದ್ದರೆ ಹೆಚ್ಚುವುದು ತಿಪ್ಪೆಯೇ.

ಕೊನೆಗೆ ಅಕ್ಕನಿಗೆ ಫೋನ್ ಮಾಡಿ, "ಬಟಾಣಿ ನಿನ್ನದೇ ಸರಿ, ಆದರೆ ಪ್ಯಾಕೆಟ್ ಅಲುಗಾಡಿಸಿ ತಗೋ" ಅಂದೆ. ಅವ್ವನಿಗೆ, "ಸತ್ತ ತರಕಾರಿ ಅಲ್ಲವ್ವ ಅದು" ಅಂದೆ. ಅವ್ವ ಒಪ್ಪಲಿಲ್ಲ. ಊರಿಗೆ ಹಿಂದಿರುಗುವಾಗ ಅಕ್ಕನ ಮನೆಯಲ್ಲಿ ಎರಡು ಸೇರು ಒಣ ಅವರೆಕಾಳು ಬಿಟ್ಟು ಬಂದಿದ್ದಳು. ಅಕ್ಕ ಅದನ್ನು ಭಾನುವಾರ ನೆನೆಹಾಕಿ, ಬೇಯಿಸಿ, ಪುಟ್ಟ ಡಬ್ಬಿಗಳಲ್ಲಿ ತುಂಬಿ ಅದೇ ಐಸ್ ಖಾನೆಯಲ್ಲಿ ಬಟಾಣಿಯ ಪಕ್ಕ ಇಟ್ಟಿದ್ದಾಳೆ. ವಾರದಲ್ಲೇ ಮುಗಿಸುತ್ತಾಳಂತೆ. ಅವ್ವನ ಬಿಸಿಲು, ಅಕ್ಕನ ಫ್ರಿಜ್ಜು ಎರಡೂ ಸೇರಿದ ಸಾರು ಚೆನ್ನಾಗಿತ್ತು ಎಂದು ಭಾವ ಹೇಳಿದರು.

ನಿಮ್ಮ ತಾಲ್ಲೂಕಿನಲ್ಲಿ ತರಕಾರಿ ಒಣಗಿಸುವ ಘಟಕ ನಡೆಸುತ್ತಿರುವ ಸಂಘ ಇದ್ದರೆ ತಿಳಿಸಿ. ಹೋಗಿ ನೋಡಿ ಬಂದು, ಲೆಕ್ಕ ಸಮೇತ ಬರೆಯುವ ಆಸೆಯಿದೆ.