ಸೆಕೆಯ ರಾತ್ರಿಗೆ ಎಂಥ ಹಾಸಿಗೆ?

ಹಾಸಿಗೆ ಕೊಳ್ಳಲು ಹೋದವರು ಅದರ ಮೇಲೆ ಅಂಗೈ ಊರಿ, ತಣ್ಣಗಿದ್ದರೆ ಒಳ್ಳೆಯದೆಂದು ತೀರ್ಮಾನಿಸುವುದುಂಟು. ಮಲಗಿದೊಡನೆ ಮೈ ಕಾಯುವವರನ್ನು ದಾರಿ ತಪ್ಪಿಸುವುದು ಈ ಪರೀಕ್ಷೆಯೇ. ರಾತ್ರಿಯ ನಿದ್ದೆಯಲ್ಲಿ ದೇಹದ ಒಳಗಿನ ಉಷ್ಣಾಂಶ ಸುಮಾರು 1 ಡಿಗ್ರಿ ಸೆಲ್ಸಿಯಸ್‌ ಇಳಿಯುತ್ತದೆ. ಅದಕ್ಕಾಗಿ ಚರ್ಮದ, ಮುಖ್ಯವಾಗಿ ಅಂಗೈ ಅಂಗಾಲುಗಳ ರಕ್ತನಾಳಗಳು ಹಿಗ್ಗಿ ಬಿಸಿಯನ್ನು ಹೊರಚೆಲ್ಲುತ್ತವೆ. ಮಲಗಿರುವ ವಯಸ್ಕರ ಮೈಯಿಂದ ಸುಮಾರು 70-80 ವ್ಯಾಟ್ ಶಾಖ ಇಡೀ ರಾತ್ರಿ ಹೊರಬೀಳುತ್ತಿರುತ್ತದೆ. ಫ್ಯಾನಿನ ಗಾಳಿ ತಾಗುವುದು ಮೇಲ್ಮೈಗೆ ಮಾತ್ರ. ಒತ್ತಿ ಮಲಗಿದ ಬೆನ್ನಿನ ಬಿಸಿಗೂ ಬೆವರಿಗೂ ಹಾಸಿಗೆಯೇ ದಾರಿ ಬಿಡಬೇಕು. ಆದ್ದರಿಂದ ಹಾಸಿಗೆಯನ್ನು ಅಳೆಯಬೇಕಾದದ್ದು ಅದರೊಳಗೆ ಗಾಳಿ ಎಷ್ಟು ಆಡುತ್ತದೆ ಎಂಬುದರಿಂದ.

ಹೀಗೆ ಅಳೆದರೆ ಮೆಮೊರಿ ಫೋಮ್ ಹಿಂದೆ ಬೀಳುತ್ತದೆ. 1960ರ ದಶಕದಲ್ಲಿ ನಾಸಾಕ್ಕಾಗಿ ವಿಮಾನದ ಆಸನಗಳಿಗೆಂದು ರೂಪಿಸಿದ ಈ ವಸ್ತು ಮೈಬಿಸಿಗೆ ಮೆತ್ತಗಾಗಿ ದೇಹದ ಆಕಾರಕ್ಕೆ ಕುಗ್ಗುತ್ತದೆ. ಆ ಸುಖದ ಬೆಲೆಯೆಂದರೆ, ಮೈಯ ಇಕ್ಕೆಲಗಳೂ ಮುಚ್ಚಿಕೊಂಡು ಬಿಸಿ ಅಲ್ಲೇ ನಿಲ್ಲುತ್ತದೆ. ಸ್ಪ್ರಿಂಗ್ ಹಾಸಿಗೆಯ ನಡುಭಾಗ ಟೊಳ್ಳು. ಮಗ್ಗುಲು ಬದಲಿಸಿದಾಗಲೆಲ್ಲ ಒಳಗಿನ ಗಾಳಿ ಕದಲುತ್ತದೆ. ತೆಂಗಿನ ನಾರಿನ ಹಾಸಿಗೆಯ ಎಳೆಗಳ ನಡುವೆಯೂ, ರಂಧ್ರಗಳಿರುವ ಲೇಟೆಕ್ಸ್‌ನಲ್ಲೂ ಅದಕ್ಕೆ ಎಡೆಯಿದೆ. ಆದರೆ ಇವುಗಳ ಮೇಲೆಯೇ ದಪ್ಪ ಫೋಮ್ ಪದರ ಹೊದಿಸಿದ್ದರೆ ಕೆಳಗಿನ ಗುಣ ಮೈಗೆ ದಕ್ಕುವುದಿಲ್ಲ.

ಜೆಲ್ ಬೆರೆಸಿದ ಫೋಮ್ ಈ ಕೊರತೆಯನ್ನು ನೀಗಿಸಿದೆಯಲ್ಲ ಎಂದು ಕೇಳಬಹುದು. ಜೆಲ್ ಮೊದಮೊದಲು ಬಿಸಿಯನ್ನು ಹೀರುವುದು ನಿಜ, ನಿದ್ದೆ ಹತ್ತಲು ಅದು ನೆರವಾಗಲೂಬಹುದು. ಆದರೆ ಮೈಯಷ್ಟೇ ಬಿಸಿಯಾದ ಮೇಲೆ ಹೀರಲು ಅದಕ್ಕೆ ಶಕ್ತಿ ಉಳಿಯದು. ಎ.ಸಿ. ಇರುವ ಕೋಣೆಯಲ್ಲಿ ಅದು ಮತ್ತೆ ತಣಿದೀತು. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಕೋಣೆಯೇ ಕಾದಿರುವಾಗ ಸಂಜೆಗೇ ಬೆಚ್ಚಗಿರುತ್ತದೆ. ಅಂಥಲ್ಲಿ ಮೈಯನ್ನು ತಣಿಸುವುದು ಮುಖ್ಯವಾಗಿ ಬೆವರಿನ ಆವಿ. ಗಾಳಿಯೇ ತೇವವಾಗಿರುವ ಮಂಗಳೂರು, ಕಾರವಾರಗಳಲ್ಲಿ ಬೆವರು ಆರುವುದೂ ಕಷ್ಟ. ಬೆವರು ಹೀರುವ ಹತ್ತಿಯ ಹೊದಿಕೆ ಅಲ್ಲಿ ಇನ್ನಷ್ಟು ಅಗತ್ಯ. ನೀರು ಇಳಿಯದಂತೆ ಹಾಕುವ ಪ್ಲಾಸ್ಟಿಕ್ ಕವರು ಎಷ್ಟು ಒಳ್ಳೆಯ ಹಾಸಿಗೆಯನ್ನೂ ಕೆಡಿಸುತ್ತದೆ.

ಹಾಗಾದರೆ ಹಳೆಯ ಹತ್ತಿ ಹಾಸಿಗೆ, ಚಾಪೆ, ಉತ್ತರ ಕರ್ನಾಟಕದ ಹೊರಸು ಸಾಲದೇ? ಅಡಿಯಿಂದ ಗಾಳಿ ಬರುವ ಹೊರಸು ಈ ವಾದಕ್ಕೆ ಒಳ್ಳೆಯ ಸಾಕ್ಷಿಯೇ. ಆದರೆ ಜೋಲುವ ಹೊರಸಾಗಲಿ ಬರಿಯ ಚಾಪೆಯಾಗಲಿ ಬೆನ್ನುನೋವಿನವರಿಗೆ, ವಯಸ್ಸಾದವರಿಗೆ ಎಲ್ಲ ಸಲವೂ ಹಿತವಲ್ಲ. ಹತ್ತಿಯೂ ಕಾಲಕಾಲಕ್ಕೆ ಹಿಂಜಿಸಿ, ಬಿಸಿಲಿಗೆ ಹಾಕದಿದ್ದರೆ ಗಟ್ಟಿಯಾಗಿ ತೇವ ಹಿಡಿಯುತ್ತದೆ. ಮೈ ಹೂತುಹೋಗದಷ್ಟು ಬಿಗಿಯಾದ ಹಾಸಿಗೆಯನ್ನು ಸಂದುಬಿಟ್ಟ ಪಟ್ಟಿಗಳ ಮಂಚದ ಮೇಲೆ ಹಾಸಿದರೆ ಆಸರೆ, ಗಾಳಿ ಎರಡೂ ಸಿಗುತ್ತವೆ. ತಂಪು ಕೋಣೆಯಲ್ಲೂ ಬಟ್ಟೆ ತೊಯ್ಯುವಷ್ಟು ಬೆವರುವವರು ಮೊದಲು ವೈದ್ಯರನ್ನು ಕಾಣಬೇಕು. ಮುಟ್ಟು ನಿಲ್ಲುವ ಕಾಲ, ಥೈರಾಯ್ಡ್ ತೊಂದರೆ, ಸೋಂಕು, ಕೆಲವು ಔಷಧಿಗಳು ಇದಕ್ಕೆ ಕಾರಣವಾಗಿರಬಹುದು. ಉಳಿದವರು ಮೇಲಿನ ಎರಡು ಮೂರು ಅಂಗುಲಗಳಲ್ಲಿ ಏನು ತುಂಬಿದ್ದಾರೆಂದು ಅಂಗಡಿಯವರನ್ನು ಬಿಡಿಸಿ ಕೇಳಬೇಕು. ಅದನ್ನು ಹೇಳದೆ ತಂಪಿನ ಭರವಸೆಯನ್ನಷ್ಟೇ ಮಾರುವ ಹಾಸಿಗೆಗೆ ಹೆಚ್ಚಿನ ಹಣ ತೆರಬೇಕಾದ ಕಾರಣವಿಲ್ಲ.