ಬೀರುವಿಗೆ ಬಾರದ ಚಿತ್ರಗಳು

ಸಿನಿಮಾ ಕೂಡಿಡುವ ಹುಚ್ಚು ಗಂಡಸರಿಗೆ ಮಾತ್ರ ಎಂದು ನಮ್ಮ ಕಡೆ ಒಂದು ನಂಬಿಕೆಯಿದೆ. ಹೆಂಗಸರು ಸೀರೆ ಕೂಡಿಡುತ್ತಾರೆ, ಸ್ಟೀಲ್ ಪಾತ್ರೆ ಕೂಡಿಡುತ್ತಾರೆ, ಹೆಚ್ಚೆಂದರೆ ವಾರಪತ್ರಿಕೆಯಿಂದ ಕಿತ್ತ ಧಾರಾವಾಹಿಗಳನ್ನು ದಾರ ಹಾಕಿ ಹೊಲಿದು ಇಟ್ಟುಕೊಳ್ಳುತ್ತಾರೆ. ಸಿನಿಮಾ ಮಾತ್ರ ನೋಡಿ, ಅತ್ತು, ಮನೆಗೆ ಬಂದು ಅನ್ನಕ್ಕಿಡುವ ಹೊತ್ತಿಗೆ ಮರೆತುಬಿಡುತ್ತಾರೆ ಎಂದು ತಿಳಿದವರೇ ಹೆಚ್ಚು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕು ಊರುಗಳಲ್ಲಿ ಹಂಚಿಹೋಗಿರುವ ನಮ್ಮ ಬಳಗವನ್ನು ಅಂಥವರು ಒಮ್ಮೆ ನೋಡಬೇಕು. ನಮ್ಮಲ್ಲಿ ಒಬ್ಬರು ನಿವೃತ್ತ ಹೈಸ್ಕೂಲು ಟೀಚರು, ಒಬ್ಬರು ರವಿಕೆ ಹೊಲಿಯುವವರು, ಒಬ್ಬರು ಅಂಗನವಾಡಿಯಲ್ಲಿದ್ದವರು, ಉಳಿದವರು ನನ್ನ ಹಾಗೆ ಮನೆವಾರ್ತೆಯವರು. ವಿಡಿಯೊ ಕ್ಯಾಸೆಟ್ಟಿನ ಕಾಲದಿಂದಲೂ ತರಕಾರಿ ಚೀಲದ ತಳದಲ್ಲಿ ಕ್ಯಾಸೆಟ್ ಇಟ್ಟುಕೊಂಡು ಕೆಂಪು ಬಸ್ಸಿನಲ್ಲಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಸಾಗಿಸಿದವರು ನಾವು. ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿದರೆ ಹಪ್ಪಳ ಒಣಗಿಸಿದ ಹಾಗೆ ನೆರಳಿನಲ್ಲಿ ಇಟ್ಟು, ಮೆತ್ತನೆ ಬಟ್ಟೆಯಿಂದ ಒರೆಸಿ ಉಳಿಸಿಕೊಂಡವರು.

ಇಷ್ಟೆಲ್ಲ ಮಾಡಿಯೂ ನಮಗೆ ಬೇಕಾದ ಚಿತ್ರಗಳು ನಮ್ಮ ಬೀರುವಿಗೆ ಬರಲಿಲ್ಲ. ನನ್ನ ಜಗಳ ಇರುವುದೇ ಅಲ್ಲಿ.

ಕ್ಯಾಸೆಟ್ ಹೋಗಿ ವಿಸಿಡಿ ಬಂದ ಮೇಲೆ ಪಾಂಡವಪುರದ ಅಂಗಡಿಯೊಂದರಲ್ಲಿ ನಡೆದ ಮಾತನ್ನು ಕೇಳಿ. ನಾನು 'ಫಣಿಯಮ್ಮ' ಬೇಕು ಅಂದೆ.

"ಯಾರ್ ಪಿಚ್ಚರ್ ಅಕ್ಕಾ ಅದು?"

"ಪ್ರೇಮಾ ಕಾರಂತರದು."

"ಅದಲ್ಲ, ಹೀರೋ ಯಾರು?"

"ಹೀರೋ ಇಲ್ಲಪ್ಪ."

"ಹೀರೋನೇ ಇಲ್ದಿದ್ ಮ್ಯಾಕೆ ಸೀಡಿ ಎಲ್ಲಿಂದ ಬಂದಾತು ಬುಡಕ್ಕ!"

ಆ ಹುಡುಗನನ್ನು ದೂರಿ ಪ್ರಯೋಜನವಿಲ್ಲ. ಅವನ ಅಂಗಡಿಯ ಕಪಾಟು ಜೋಡಿಸಿದ್ದೇ ಹಾಗೆ. ಒಂದು ಸಾಲು ರಾಜಕುಮಾರರದು, ಒಂದು ವಿಷ್ಣುವರ್ಧನರದು, ಒಂದು ನಮ್ಮ ಜಿಲ್ಲೆಯ ಅಂಬರೀಷರದು, ಒಂದು ಶಂಕರ್‌ನಾಗ್ ಅವರದು. ನಿರ್ದೇಶಕರಲ್ಲಿ ಪುಟ್ಟಣ್ಣ ಕಣಗಾಲರಿಗೊಬ್ಬರಿಗೆ ಸಾಲು ಸಿಕ್ಕಿತ್ತು. ಕಪಾಟಿನಲ್ಲಿ ಜಾಗವಿಲ್ಲದ ಚಿತ್ರಕ್ಕೆ ಕಂಪನಿಯಲ್ಲಿಯೂ ಜಾಗವಿಲ್ಲ, ಕಂಪನಿಯಲ್ಲಿ ಜಾಗವಿಲ್ಲದ್ದಕ್ಕೆ ಜನರ ನೆನಪಿನಲ್ಲಿಯೂ ಜಾಗವಿಲ್ಲ. ನಾಗಮಂಗಲದ ನಮ್ಮ ಗೆಳತಿಗೆ ತನ್ನ ತಾಲ್ಲೂಕಿನವರೇ ಆದ ನಾಗತಿಹಳ್ಳಿ ಚಂದ್ರಶೇಖರರ 'ಅಮೆರಿಕ ಅಮೆರಿಕ' ಕೇಳಿದ ಕಡೆಯಲ್ಲೆಲ್ಲ ಸಿಕ್ಕಿತು. ಅವರದೇ 'ಕೊಟ್ರೇಶಿ ಕನಸು' 1994ರ ಚಿತ್ರ, ದಲಿತ ಹುಡುಗನೊಬ್ಬನ ಓದಿನ ಆಸೆಯ ಕಥೆ, ರಾಷ್ಟ್ರಪ್ರಶಸ್ತಿ ಪಡೆದದ್ದು. ಅದನ್ನು ಕೇಳಿದರೆ ಅಂಗಡಿಯವರು ಮುಖ ಮುಖ ನೋಡಿದರು.

ಈಗ 'ಫಣಿಯಮ್ಮ'ನ ಮಾತಿಗೆ ಬರುತ್ತೇನೆ. ಎಂ.ಕೆ. ಇಂದಿರಾ ಅವರ ಕಾದಂಬರಿ ಬಂದದ್ದು 1976ರಲ್ಲಿ. ಅದನ್ನು ಓದದ ಹೆಂಗಸರು ನಮ್ಮ ಪೀಳಿಗೆಯಲ್ಲಿ ಕಡಿಮೆ. ಆಟದ ವಯಸ್ಸಿನಲ್ಲೇ ಮದುವೆ, ಆಟದ ವಯಸ್ಸಿನಲ್ಲೇ ವೈಧವ್ಯ, ಆಮೇಲೆ ತಲೆ ಬೋಳಿಸಿಕೊಂಡು ಒಂದು ಇಡೀ ಶತಮಾನವನ್ನು ಅಡಿಗೆಮನೆ, ಬಾಣಂತಿ ಕೋಣೆಗಳ ನಡುವೆ ಕಳೆದ ಜೀವ. ಇದು ಕಟ್ಟುಕಥೆಯಲ್ಲ, ಇಂದಿರಾ ಅವರ ಮನೆತನದಲ್ಲೇ ಬಾಳಿದ ಹೆಂಗಸಿನ ಬದುಕು. ಪ್ರೇಮಾ ಕಾರಂತರು ಅದನ್ನು ಚಿತ್ರ ಮಾಡಿದರು. ಕನ್ನಡದ ಮೊದಲ ಮಹಿಳಾ ನಿರ್ದೇಶಕಿ ಎಂದು ಅವರನ್ನು ಕರೆಯುತ್ತಾರೆ. ಎಲ್.ವಿ. ಶಾರದಾ ಫಣಿಯಮ್ಮನಾದರು. 30ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಕನ್ನಡದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ಬಂತು. ಹೆಂಗಸಿನ ಬದುಕು, ಅದನ್ನು ಬರೆದವಳು ಹೆಂಗಸು, ನಿರ್ದೇಶಿಸಿದವಳು ಹೆಂಗಸು. ಇಂಥದೊಂದು ಚಿತ್ರದ ಶುಭ್ರವಾದ ಪ್ರತಿಯನ್ನು ದುಡ್ಡು ಕೊಟ್ಟು ಕೊಳ್ಳಲು ನಮಗೆ ಯಾವ ಅಂಗಡಿಯಲ್ಲೂ ಆಗಲಿಲ್ಲ. ನಮ್ಮ ಬಳಗದಲ್ಲಿ ಓಡಾಡಿದ್ದು ಯಾರೋ ಟಿ.ವಿ.ಯಿಂದ ಇಳಿಸಿಕೊಂಡ ಕ್ಯಾಸೆಟ್ಟಿನ ನಕಲಿನ ನಕಲು. ನಕಲು ಮಾಡಿದಷ್ಟೂ ಮುಖಗಳು ಮಸುಕಾಗುತ್ತವೆ. ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಲ್ಲೆ ಎಂದು ಹಟ ಹಿಡಿದಾಗ ಫಣಿಯಮ್ಮ ಅವಳ ಪರ ನಿಲ್ಲುತ್ತಾಳಲ್ಲ, ಆ ಹೊತ್ತಿನಲ್ಲಿ ಶಾರದಾ ಅವರ ಕಣ್ಣು ಏನು ಹೇಳುತ್ತಿತ್ತು ಎಂಬುದು ನಮಗೆ ಕಾಣಲೇ ಇಲ್ಲ. ಮಾತು ಕೇಳಿಸಿತು, ಮುಖ ಕಾಣಿಸಲಿಲ್ಲ.

"ಹೋಗಲಿ ಬಿಡು, ಕಾದಂಬರಿ ಇದೆಯಲ್ಲ, ಓದಿಕೋ" ಎನ್ನುವವರಿಗೆ ಒಂದು ಮಾತು. ಕನ್ನಡ ಸಿನಿಮಾದ ಒಳ್ಳೆಯ ಕಾಲವೆಂದು ಎಲ್ಲರೂ ಹೊಗಳುವ ಆ ವರ್ಷಗಳಿಗೆ ಕಥೆ ಒದಗಿಸಿದವರಲ್ಲಿ ಹೆಂಗಸರ ಪಾಲು ದೊಡ್ಡದು. 1967ರ 'ಬೆಳ್ಳಿಮೋಡ'ವೂ 1968ರ 'ಹಣ್ಣೆಲೆ ಚಿಗುರಿದಾಗ'ವೂ ತ್ರಿವೇಣಿಯವರ ಕಾದಂಬರಿಗಳು. ತ್ರಿವೇಣಿ ಯಾರು? ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಬಿ.ಎಂ.ಶ್ರೀಯವರ ತಮ್ಮನ ಮಗಳು. 'ಗೆಜ್ಜೆಪೂಜೆ' ಇಂದಿರಾ ಅವರದು. 'ಎರಡು ಕನಸು', 'ಶುಭಮಂಗಳ' ವಾಣಿಯವರವು. ಈ ಪಟ್ಟಿಯಲ್ಲಿ ಪುಟ್ಟಣ್ಣನವರು ಮಾಡಿದ್ದು, ರಾಜಕುಮಾರರು ನಟಿಸಿದ್ದು ಉಳಿದುಕೊಂಡವು. 'ಹಣ್ಣೆಲೆ ಚಿಗುರಿದಾಗ' ಮಾಡಿದ ಎಂ.ಆರ್. ವಿಠಲರ ಹೆಸರು ಎಷ್ಟು ಜನಕ್ಕೆ ಗೊತ್ತು? ವಿಧವೆಯ ಮರುಮದುವೆಯ ಪರವಾಗಿ ನಿಂತ ಆ ಚಿತ್ರ ಇವತ್ತು ನೋಡಲು ಸಿಗುವುದಕ್ಕೆ ಕಾರಣ ಅದರಲ್ಲಿರುವ ನಾಯಕನಟ. ಹುಡುಗಿಯೊಬ್ಬಳ ಕಣ್ಣಿನಿಂದ ಕಥೆ ಹೇಳಿದ 'ಪಲ್ಲವಿ'ಗಾಗಿ ಪಿ. ಲಂಕೇಶರು 24ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ದೇಶಕ್ಕೇ ಅತ್ಯುತ್ತಮ ನಿರ್ದೇಶಕರೆನಿಸಿದರು. ಅದು 1976ರ ಚಿತ್ರ. ಅದನ್ನು ಅಂಗಡಿಯಲ್ಲಿ ಕೇಳಿದಾಗ ಪಲ್ಲವಿ ಎಂಬ ಧಾರಾವಾಹಿಯೇ ಎಂದು ಕೇಳಿದರು.

ನಮ್ಮ ಕೆ.ಆರ್.ಪೇಟೆ ತಾಲ್ಲೂಕಿಗೆ ಸೇರಿದ ಇನ್ನೊಂದು ಕಥೆಯಿದೆ. ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಫ್ರಾನ್ಸಿನ ಮೋಲಿಯೇರನ 'ತಾರ್ತೂಫ್' ನಾಟಕವನ್ನು 'ಆಷಾಢಭೂತಿ' ಎಂದು ಕನ್ನಡಕ್ಕೆ ತಂದರು. ಅದನ್ನು ಆಧರಿಸಿ ಎಂ.ವಿ. ಕೃಷ್ಣಸ್ವಾಮಿಯವರು 1966ರಲ್ಲಿ 'ಸುಬ್ಬಾಶಾಸ್ತ್ರಿ' ತೆಗೆದರು. ಮನೆಗೆ ನುಗ್ಗಿದ ಕಪಟ ಭಕ್ತನನ್ನು ಯಜಮಾನ ನಂಬಿ ಕೆಡುತ್ತಾನೆ. ಮೋಲಿಯೇರನ ನಾಟಕದಲ್ಲಿ ಅವನ ಬಣ್ಣ ಬಯಲು ಮಾಡುವವಳು ಮನೆಯೊಡತಿ. ಗಂಡನನ್ನು ಮೇಜಿನ ಕೆಳಗೆ ಅಡಗಿಸಿ ಕೂರಿಸಿ ಎಲ್ಲವನ್ನೂ ಕಿವಿಯಾರೆ ಕೇಳಿಸುತ್ತಾಳೆ. ಮನೆಮನೆಗೆ ಬಾಬಾಗಳೂ ವಾಸ್ತುವಿನವರೂ ಬರುತ್ತಿರುವ ಈ ಕಾಲದಲ್ಲಿ ನನ್ನ ಸೊಸೆಗೆ ತೋರಿಸಬೇಕಾದ ಚಿತ್ರ ಇದು. ಕೆ.ಆರ್.ಪೇಟೆಯ ನಮ್ಮ ಟೀಚರು ತಮ್ಮ ತಾಲ್ಲೂಕಿನ ಸಾಹಿತಿಯ ಚಿತ್ರವೆಂದು ವರ್ಷಗಟ್ಟಲೆ ಹುಡುಕಿದರು. ವಿಡಿಯೊ ಕಂಪನಿಯೊಂದಕ್ಕೆ ಕಾರ್ಡು ಬರೆದರು. "ಬೇಡಿಕೆ ಇಲ್ಲ" ಎಂದು ಒಂದು ಸಾಲಿನ ಉತ್ತರ ಬಂತು.

ಬೇಡಿಕೆ ಇಲ್ಲ! ಬೇಡಿದವಳಿಗೇ ಬೇಡಿಕೆ ಇಲ್ಲ ಎಂದು ಬರೆದು ತಿಳಿಸುವುದು ಎಂಥ ಲೆಕ್ಕ? ಬೇಡಿಕೆ ಎಂದರೆ ಏನು ಎಂದು ನಾವು ಗೃಹಿಣಿಯರಿಗೆ ಚೆನ್ನಾಗಿ ಗೊತ್ತು. ಸಂತೆಗೆ ಬಾರದ ಸೊಪ್ಪನ್ನು ಯಾರೂ ಕೊಳ್ಳುವುದಿಲ್ಲ, ಕೊಳ್ಳುವವರಿಲ್ಲ ಎಂದು ಯಾರೂ ಸಂತೆಗೆ ತರುವುದಿಲ್ಲ. ಹೀಗೆ ಎಷ್ಟೋ ಸೊಪ್ಪುಗಳ ಹೆಸರೇ ಮಕ್ಕಳಿಗೆ ಮರೆತಿದೆ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ಹೊರಟಾಗ ಜನ ಕಡಲೆಪುರಿ ಕೊಂಡ ಹಾಗೆ ಕೊಂಡರಲ್ಲವೇ? ಬೆಲೆ ಕೈಗೆಟುಕಿದರೆ ಕೊಳ್ಳುವವರು ಇದ್ದಾರೆ ಎಂದು ಆಗಲೇ ತಿಳಿದುಹೋಗಿತ್ತು. ಆದರೆ ಆ ಸುಗ್ಗಿಯಲ್ಲೂ ನಾವು ಕೇಳಿದ ಚಿತ್ರಗಳು ನಮ್ಮ ಊರಿಗೆ ಬರಲಿಲ್ಲ. ಆಮೇಲೆ ಅಂಗಡಿಗಳೇ ಮುಚ್ಚಿ, ಅಲ್ಲಿ ಮೊಬೈಲ್ ರೀಚಾರ್ಜ್ ಬಂತು.

ಈಗ ಮಕ್ಕಳು ಹೇಳುತ್ತಾರೆ: "ಅಮ್ಮಾ, ಎಲ್ಲಾ ಮೊಬೈಲ್‌ನಲ್ಲೇ ಇದೆ." ಎಲ್ಲಾ ಎಲ್ಲಿದೆ ಮಗಾ? ಇರುವುದೂ ಹೇಗಿದೆ ನೋಡಿ. ಯಾರೋ ಹಾಕಿದ್ದು, ತಲೆಯ ಅರ್ಧ ಚೌಕಟ್ಟಿನ ಹೊರಗೆ, ಮೂಲೆಯಲ್ಲಿ ಚಾನೆಲ್ಲಿನ ಗುರುತು, ನಡುವೆ ಸಾಬೂನಿನ ಜಾಹೀರಾತು, ಕೊನೆಯ ಹತ್ತು ನಿಮಿಷ ನಾಪತ್ತೆ. ಇವತ್ತು ಇದ್ದದ್ದು ನಾಳೆ ಇರುವುದಿಲ್ಲ. ದುಡ್ಡು ಕಟ್ಟಿ ನೋಡುವ ಕಡೆಯೂ ಕರಾರು ಮುಗಿದ ದಿನ ಚಿತ್ರ ಎದ್ದುಹೋಗುತ್ತದೆ. ಮದುವೆಗೆ ಬಾಡಿಗೆ ಒಡವೆ ತರುವುದಕ್ಕೂ ತಾಯಿ ಕೊಟ್ಟ ಸರ ಬೀರುವಿನಲ್ಲಿರುವುದಕ್ಕೂ ವ್ಯತ್ಯಾಸ ತಿಳಿಯದ ಹೆಂಗಸುಂಟೇ?

ಹಳೆಯದು ಹೋಗಲಿ, ಹೊಸದು ಬರಲಿ ಎನ್ನುವ ವಾದವೂ ಒಂದಿದೆ. ಹೋದದ್ದು ಎಷ್ಟೆಂದು ಮೊದಲು ತಿಳಿಯೋಣ. ಕನ್ನಡದ ಮೊದಲ ವಾಕ್ಚಿತ್ರದ ಹೆಸರೇ ಒಬ್ಬ ಹೆಂಗಸಿನದು, 'ಸತಿ ಸುಲೋಚನ'. 1934ರ ಮಾರ್ಚ್ 3ರಂದು ತೆರೆಕಂಡ ಆ ಚಿತ್ರದಲ್ಲಿ ತ್ರಿಪುರಾಂಬಾ ಸುಲೋಚನೆಯಾಗಿದ್ದರು. ಅದರ ಪ್ರತಿ ಉಳಿದಿಲ್ಲ. ತ್ರಿಪುರಾಂಬಾ ಹೇಗೆ ನಡೆದರು, ಹೇಗೆ ಮಾತಾಡಿದರು ಎಂದು ಇನ್ನು ಯಾರಿಗೂ ತಿಳಿಯುವಂತಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ, ಅಂದರೆ 30 ವರ್ಷ ತಡವಾಗಿ. ಫಿಲ್ಮು ಉಪ್ಪಿನಕಾಯಿಯ ಜಾಡಿಯಲ್ಲ, ಇಟ್ಟಲ್ಲೇ ಇದ್ದು ಕೆಡದಿರಲು. ಸೆಖೆಯಲ್ಲಿ ಇಟ್ಟರೆ ವಿನೆಗರ್ ವಾಸನೆ ಹೊಡೆಯುತ್ತಾ ಸುರುಟಿಕೊಂಡು ಸಾಯುತ್ತದೆ. ಕಪ್ಪುಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿರುವುದರಿಂದ ಅದನ್ನು ತೆಗೆಯಲೆಂದೇ ಫಿಲ್ಮು ಮಾರಿದವರೂ ನಮ್ಮ ದೇಶದಲ್ಲಿದ್ದರು. ಕಾನೂನಿನಂತೆ ಚಿತ್ರ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ; ಆಮೇಲೆ ಅದು ಎಲ್ಲರದು. 'ಸುಬ್ಬಾಶಾಸ್ತ್ರಿ'ಯ ಅವಧಿ 2026ರ ಕೊನೆಯವರೆಗೆ. ಆದರೆ ಹಕ್ಕು ನಮ್ಮದಾಗುವ ಹೊತ್ತಿಗೆ ಡಬ್ಬಿ ತೆರೆದರೆ ಒಳಗೆ ಏನಿರುತ್ತದೆ?

ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಗುರುತೂ ಇದೆ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರೂ ಹೊರದೇಶದವರೂ ಸೇರಿ ಜೀರ್ಣೋದ್ಧಾರ ಮಾಡಿದರು. 2024ರಲ್ಲಿ ವೆನಿಸ್ ಉತ್ಸವದಲ್ಲಿ ಅದು ಹೊಸದರಂತೆ ತೆರೆಯ ಮೇಲೆ ಬಂತು. ಯಮುನಕ್ಕನ ಕಣ್ಣೀರು ಇಟಲಿಯವರಿಗೆ ನಿಚ್ಚಳವಾಗಿ ಕಂಡಿತು. ಸಂತೋಷವೇ. ಆದರೆ ಅದು ಪಾಂಡವಪುರದ ಹೆಂಗಸಿಗೆ ಯಾವಾಗ ಕಾಣುತ್ತದೆ?

ದೂರದ ಇನ್ನೊಂದು ಉದಾಹರಣೆ ಕೇಳಿ. ಬೆಲ್ಜಿಯಂ ದೇಶದ ಶಾಂತಾಲ್ ಅಕರ್ಮನ್ ಎಂಬಾಕೆ 1975ರಲ್ಲಿ 'ಜೀನ್ ಡೀಲ್ಮನ್' ಎಂಬ ಚಿತ್ರ ಮಾಡಿದಳು. ಮೂರು ಗಂಟೆಗೂ ಮೀರಿದ ಚಿತ್ರ. ಅದರಲ್ಲಿ ಒಬ್ಬ ವಿಧವೆ ಆಲೂಗಡ್ಡೆ ಸುಲಿಯುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಹಾಸಿಗೆ ಸರಿಮಾಡುತ್ತಾಳೆ; ಆ ದಿನಚರಿಯೊಳಗೇ ಅವಳು ಮುರಿದುಬೀಳುವುದು ಕಾಣುತ್ತದೆ. 2022ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ವಿಮರ್ಶಕರಿಂದ ಮತ ಕೇಳಿದಾಗ ಜಗತ್ತಿನ ಅತ್ಯುತ್ತಮ ಚಿತ್ರವೆಂದು ಇದೇ ಮೊದಲ ಸ್ಥಾನಕ್ಕೆ ಬಂತು. ಅಷ್ಟು ಹೊತ್ತಿಗೆ ಅದರ ಒಳ್ಳೆಯ ಡಿವಿಡಿ ಮನೆಮನೆ ಸೇರಿ ಹತ್ತು ವರ್ಷದ ಮೇಲಾಗಿತ್ತು. ನೋಡಲು ಸಿಕ್ಕಿದ್ದರಿಂದ ನೋಡಿದರು, ನೋಡಿದ್ದರಿಂದ ಬೆಲೆ ಕಟ್ಟಿದರು. ನಮ್ಮ ಫಣಿಯಮ್ಮ ಮಸುಕು ಕ್ಯಾಸೆಟ್ಟಿನಲ್ಲಿ ಮುಖ ಮರೆಸಿಕೊಂಡು ಕೂತಿದ್ದರೆ ಅವಳಿಗೆ ಮತ ಹಾಕುವವರು ಎಲ್ಲಿಂದ ಬರಬೇಕು?

2025ರ ಮಾರ್ಚ್‌ನಲ್ಲಿ ಮಂಡಿಸಿದ ರಾಜ್ಯದ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳ ಭಂಡಾರವೊಂದನ್ನು ಮಾಡಲು 3 ಕೋಟಿ ರೂಪಾಯಿ ಎಂದು ಓದಿ ನಾವು ಹಿಗ್ಗಿದೆವು. ಅದೇ ಬಜೆಟ್ಟಿನಲ್ಲಿ ಮೈಸೂರಿನ ಚಿತ್ರನಗರಿಗೆ ಖಾಸಗಿಯವರನ್ನೂ ಸೇರಿಸಿಕೊಂಡು 500 ಕೋಟಿ. ಹೊಸ ಮನೆಯ ಗೇಟಿಗೆ ಇಷ್ಟು, ಅಜ್ಜಿಯ ಔಷಧಿಗೆ ಅಷ್ಟು! ಆದರೂ 3 ಕೋಟಿ ಎಂದರೆ ಶುರುಮಾಡಲು ಸಾಕು. ಅದನ್ನು ಹೇಗೆ ಖರ್ಚು ಮಾಡಬೇಕೆಂದು ಹೇಳುವ ಹಕ್ಕು ನಮಗಿದೆ, ತೆರಿಗೆ ಕಟ್ಟುವವರಲ್ಲಿ ನಾವೂ ಇದ್ದೇವೆ.

ಮೊದಲು ಯಾವ ಚಿತ್ರದ ಮೂಲಪ್ರತಿ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚುಹಾಕಿ ಹಂಚಲಿ. ಸರ್ಕಾರದ ಸಹಾಯಧನವನ್ನೋ ಪ್ರಶಸ್ತಿಯನ್ನೋ ಪಡೆದ ಚಿತ್ರ ಇಂತಿಷ್ಟು ವರ್ಷದ ಮೇಲೆ ಜನರ ಕೈಗೆ ಸಿಗಲೇಬೇಕೆಂದು ನಿಯಮ ಮಾಡಲಿ. ಭಂಡಾರವನ್ನು ತಾರೆಯರ ಸಾಲಿನಿಂದ ಶುರುಮಾಡದೆ, ಹೆಸರು ಮರೆತುಹೋಗುತ್ತಿರುವ ನಿರ್ದೇಶಕರಿಂದ ಶುರುಮಾಡಲಿ. ತಾರೆಯರನ್ನು ಮಾರುಕಟ್ಟೆಯೇ ಕಾಯುತ್ತದೆ. ಒಳ್ಳೆಯ ಪ್ರತಿಯ ಡಿಸ್ಕನ್ನು ರವಿಕೆ ಹೊಲಿಸುವ ಕೂಲಿಯಷ್ಟು ಬೆಲೆಗೆ ಮಾರಲಿ, ತಾಲ್ಲೂಕು ಗ್ರಂಥಾಲಯಕ್ಕೆ ಒಂದೊಂದು ಕೊಡಲಿ. ಕೆಳಗೆ ಕನ್ನಡದಲ್ಲೇ ಮಾತಿನ ಅಕ್ಷರಗಳಿರಲಿ. ಕಿವಿ ಕೇಳದ ಹೆಣ್ಣಿನ ಬದುಕನ್ನು ಎನ್. ಲಕ್ಷ್ಮೀನಾರಾಯಣರು 1964ರಲ್ಲೇ 'ನಾಂದಿ'ಯಲ್ಲಿ ತೋರಿಸಿದರು. ಅಂಥ ಹೆಣ್ಣೊಬ್ಬಳು ಆ ಚಿತ್ರವನ್ನು ನೋಡಿ ತಿಳಿಯುವ ಹಾಗಾದರೆ ಅದು ಅವರಿಗೆ ಸಲ್ಲುವ ಗೌರವ.

ಗೆಳತಿಯರೇ, ನಿಮ್ಮ ಊರಿನಲ್ಲೂ ಬರೆದವರಿದ್ದಾರೆ, ಚಿತ್ರ ಮಾಡಿದವರಿದ್ದಾರೆ, ಹಾಡಿದವರಿದ್ದಾರೆ. ಅವರ ಯಾವ ಚಿತ್ರ ಬೇಕೆಂದು ಒಂದು ಕಾರ್ಡು ಬರೆಯಿರಿ. ಮಹಿಳಾ ಸಮಾಜದ ಸಭೆಯಲ್ಲಿ ಹತ್ತು ಜನ ಸಹಿ ಹಾಕಿ ವಾರ್ತಾ ಇಲಾಖೆಗೂ ಚಲನಚಿತ್ರ ಅಕಾಡೆಮಿಗೂ ಕಳಿಸಿ. ಒಂದು ಕಾರ್ಡಿಗೆ ಬೇಡಿಕೆ ಇಲ್ಲ ಎಂದು ಬರೆದವರು ಸಾವಿರ ಕಾರ್ಡಿಗೆ ಏನು ಬರೆಯುತ್ತಾರೋ ನೋಡಿಯೇ ಬಿಡೋಣ.